ಒಂದು ಪ್ರಶ್ನೆಗೆ ಮೂರು ಉತ್ತರ

ನಡೆಯುತ್ತ ನಡೆಯುತ್ತ ಫೋನಿನಲ್ಲಿ ಹಿಡಿದ ವೀಡಿಯೊ ಕೂಡ ಅಲುಗಾಡದೆ ಸ್ಥಿರವಾಗಿ ಮೂಡುವುದನ್ನು ಕಂಡು ಬೆರಗಾಗುವವರು ಈಗ ವಿರಳ. ಆದರೆ ಆ ಸ್ಥಿರತೆಯ ಹಿಂದೆ, ಕ್ಷಣಮಾತ್ರವೂ ಬಿಡುವಿಲ್ಲದೆ ಕಂಪಿಸುತ್ತಿರುವ ಸಿಲಿಕಾನಿನ ಒಂದು ಪುಟ್ಟ ರಚನೆ ಇದೆಯೆಂಬುದನ್ನು ಬಲ್ಲವರು ಅದಕ್ಕಿಂತಲೂ ವಿರಳ. ಗೈರೊಸ್ಕೋಪ್ ಎಂಬ ಹೆಸರು ಹೊತ್ತಿದ್ದರೂ ಅದರಲ್ಲಿ ತಿರುಗುವ ಚಕ್ರವಿಲ್ಲ, ಅಚ್ಚಿಲ್ಲ. ತೆಳುವಾದ ತೊಲೆಗಳಿಂದ ತೂಗುಬಿಟ್ಟ ಒಂದು ಪುಟ್ಟ ಫಲಕವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಅತ್ತಿತ್ತ ತುಯ್ಯುವಂತೆ ವಿದ್ಯುದ್ಬಲದಿಂದ ಪ್ರೇರಿಸಿರುತ್ತಾರೆ; ಫೋನು ತಿರುಗಿದಾಗ ಕೊರಿಯೊಲಿಸ್ ಬಲವು ಆ ಫಲಕವನ್ನು ಅದರ ಚಲನೆಗೆ ಅಡ್ಡಲಾಗಿ ನೂಕುತ್ತದೆ; ಆ ಅಡ್ಡಚಲನೆಯನ್ನು ಅಳೆದು ತಿರುಗಿದ ವೇಗವೆಷ್ಟೆಂಬುದನ್ನು ತಿಳಿಯುತ್ತಾರೆ. ಅಡ್ಡಚಲನೆಯಾದರೋ ಅತ್ಯಲ್ಪವಾದದ್ದು, ಎಷ್ಟೋ ವೇಳೆ ಒಂದು ನ್ಯಾನೊಮೀಟರಿಗಿಂತಲೂ ಕಡಮೆ. ಅದನ್ನು ಹೆಚ್ಚಿಸಬೇಕಾದರೆ ಮೂಲದ ತುಯ್ತವನ್ನೇ ಹೆಚ್ಚಿಸಬೇಕು. ತುಯ್ತವನ್ನು ಹೆಚ್ಚಿಸುತ್ತ ಹೋದಂತೆ, ಅದುವರೆಗೆ ವಿಧೇಯವಾಗಿದ್ದ ರಚನೆ ತಟಕ್ಕನೆ ಬೇರೊಂದು ನಡೆಯನ್ನು ಹಿಡಿಯುತ್ತದೆ.

ವಿಧೇಯತೆಯೆಂದರೆ ಇಲ್ಲಿ ಅನುಪಾತ. ಬಲವು ಇಮ್ಮಡಿಯಾದರೆ ಬಾಗುವಿಕೆಯೂ ಇಮ್ಮಡಿಯಾಗತಕ್ಕದ್ದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದ ಮೇಲೆಯೇ ಕಂಪನಶಾಸ್ತ್ರದ ಬಹುಭಾಗ ನಿಂತಿದೆ. ಆ ನಿಯಮ ಇರುವಷ್ಟು ಹೊತ್ತು, ಎಂತಹ ಜಟಿಲವಾದ ಕಂಪನವನ್ನೂ ಕೆಲವು ಸರಳ ಕಂಪನಗಳಾಗಿ ಬಿಡಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಲೆಕ್ಕಹಾಕಿ, ಕೊನೆಗೆ ಕೂಡಿಸಿಕೊಳ್ಳಬಹುದು. ನಿಯಮ ತಪ್ಪಿದೊಡನೆ ಬಿಡಿಸುವುದೂ ಸಾಧ್ಯವಿಲ್ಲ, ಕೂಡಿಸುವುದೂ ಸಾಧ್ಯವಿಲ್ಲ. ವಸ್ತು ಚಿಕ್ಕದಾದಷ್ಟೂ ಅದರ ಗಣಿತ ಸುಲಭವಾದೀತೆಂದು ಊಹಿಸುವುದು ಸಹಜವೇ ಆದರೂ, ಈ ಸೂಕ್ಷ್ಮ ರಚನೆಗಳ ವಿಷಯದಲ್ಲಿ ನಡೆದಿರುವುದು ಅದಕ್ಕೆ ತೀರ ವಿರುದ್ಧ: ಸೇತುವೆಯ ತೊಲೆಯೊಂದು ತನ್ನ ಆಯುಷ್ಯದಲ್ಲಿ ಎಂದೂ ಮುಟ್ಟದ, ಈ ಅನುಪಾತ ತಪ್ಪುವ ಅರೇಖೀಯ ಪ್ರದೇಶವನ್ನು ಸಿಲಿಕಾನಿನ ತೊಲೆ ಕೆಲಸ ಆರಂಭಿಸಿದ ಮರುಗಳಿಗೆಯಲ್ಲಿಯೇ ಹೊಕ್ಕಿರುತ್ತದೆ.

ಇಂಥ ರಚನೆಗಳ ಚರಿತ್ರೆ ಹೆಚ್ಚು ಹಳೆಯದಲ್ಲ. ಅಮೆರಿಕದ ವೆಸ್ಟಿಂಗ್‌ಹೌಸ್ ಪ್ರಯೋಗಾಲಯದಲ್ಲಿ ಹಾರ್ವೆ ನೇಥನ್ಸನ್ ಮತ್ತು ಸಂಗಡಿಗರು ಟ್ರಾನ್ಸಿಸ್ಟರಿನ ಮೇಲೆ ಚಿನ್ನದ ಪುಟ್ಟ ಚಾಚುತೊಲೆಯೊಂದನ್ನು ಕಟ್ಟಿ, ಅದರ ಕಂಪನದಿಂದ ಬೇಕಾದ ಆವೃತ್ತಿಯನ್ನು ಮಾತ್ರ ಆರಿಸಿಕೊಳ್ಳುವ ಉಪಕರಣವನ್ನು 1967ರಲ್ಲಿ ಸವಿಸ್ತಾರವಾಗಿ ವರ್ಣಿಸಿದರು. 1982ರಲ್ಲಿ ಕರ್ಟ್ ಪೀಟರ್ಸನ್ ಬರೆದ ದೀರ್ಘ ಪ್ರಬಂಧವು ಸಿಲಿಕಾನು ವಿದ್ಯುತ್ತಿಗೆ ಮಾತ್ರವಲ್ಲ, ಯಂತ್ರನಿರ್ಮಾಣಕ್ಕೂ ಉತ್ತಮವಾದ ದ್ರವ್ಯವೆಂಬುದನ್ನು ಎಂಜಿನಿಯರರಿಗೆ ಮನಗಾಣಿಸಿತು. 1989ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಬಾಚಣಿಗೆಯ ಹಲ್ಲುಗಳ ಆಕಾರದ ವಿದ್ಯುದ್ಬಲ ಪ್ರೇರಕ ರೂಪುಗೊಂಡಿತು. ಅಲ್ಲಿಂದ ಮುಂದಿನದು ಕಾರಿನ ಏರ್‌ಬ್ಯಾಗಿನಿಂದ ಹಿಡಿದು ಕೈಗಡಿಯಾರದವರೆಗೆ ಎಲ್ಲರೂ ಬಳಸುತ್ತಿರುವ ಸಂಗತಿ, ಅದನ್ನು ಬೆಳೆಸಬೇಕಾದದ್ದಿಲ್ಲ.

ಒಂದೇ ಒಂದು ತೊಲೆಯನ್ನು ಹತ್ತಿರದಿಂದ ನೋಡೋಣ. ಅದರ ಉದ್ದ 200 ಮೈಕ್ರೋಮೀಟರ್, ದಪ್ಪ 2 ಮೈಕ್ರೋಮೀಟರ್. ಎರಡು ತುದಿಗಳೂ ಅಚಲವಾದ ಸಿಲಿಕಾನ್ ಗೋಡೆಗಳಿಗೆ ಬೆಸೆದಿವೆ. ಸಿಲಿಕಾನಿನ ಸಾಂದ್ರತೆ ಮತ್ತು ಸ್ಥಿತಿಸ್ಥಾಪಕತೆ ತಿಳಿದಿರುವುದರಿಂದ, ಅದರ ಮೊದಲನೆಯ ಸಹಜ ಆವೃತ್ತಿ ಸೆಕೆಂಡಿಗೆ ಸುಮಾರು 4,35,000 ಎಂದು ಕಾಗದದ ಮೇಲೆಯೇ ಗುಣಿಸಿ ಹೇಳಬಹುದು. ತೊಲೆ ನಡುವಿನಲ್ಲಿ ಮೇಲಕ್ಕೋ ಕೆಳಕ್ಕೋ ಬಾಗಿದಾಗ, ತುದಿಗಳು ಒಳಕ್ಕೆ ಸರಿಯಲಾರವಾದ ಕಾರಣ, ಅದು ಕಿಂಚಿತ್ತಾದರೂ ಉದ್ದವಾಗಲೇಬೇಕು. ಈ ಉದ್ದಿಕೆಯು ಬಾಗುವಿಕೆಯ ವರ್ಗವನ್ನು ಅನುಸರಿಸುತ್ತದೆ. ಉದ್ದಿಕೆಯಿಂದ ಹುಟ್ಟುವ ಎಳೆತವೂ ಹಾಗೆಯೇ. ಆ ಎಳೆತವು ಬಾಗಿದ ತೊಲೆಯನ್ನು ಮತ್ತೆ ನೆಟ್ಟಗೆ ಮಾಡಲು ಹೂಡುವ ಬಲವಾದರೋ ಬಾಗುವಿಕೆಯ ಘನವನ್ನು ಅನುಸರಿಸುತ್ತದೆ. ವೀಣೆಯ ತಂತಿಯನ್ನು ಬಲವಾಗಿ ಮೀಟಿದಾಗ ಸ್ವರವು ಮೊದಲು ಕೂದಲೆಳೆಯಷ್ಟು ಏರಿದ್ದು, ನಾದ ಇಳಿಯುತ್ತ ಬಂದ ಹಾಗೆ ತನ್ನ ಸ್ಥಾನಕ್ಕೆ ಬರುವುದೂ ಇದೇ ಕಾರಣದಿಂದ. ವಿಸ್ತಾರ ಹೆಚ್ಚಿದಂತೆ ಆವೃತ್ತಿಯೂ ಏರುವ ಈ ಗುಣಕ್ಕೆ ತೊಲೆ ಗಟ್ಟಿಯಾಗುವುದೆಂದು ಬಲ್ಲವರು ಹೇಳುತ್ತಾರೆ.

ಈ ಗಟ್ಟಿಯಾಗುವಿಕೆ ಎಷ್ಟು ಬೇಗ ಮುಖ್ಯವಾಗುತ್ತದೆಂಬುದೇ ಆಶ್ಚರ್ಯ. ಗಾಳಿಯನ್ನು ತೆಗೆದ ಕೋಶದಲ್ಲಿ ಇಟ್ಟ ಇಂಥ ತೊಲೆಯ ಗುಣಸಂಖ್ಯೆ 10,000 ಇರುವುದು ಅಪೂರ್ವವಲ್ಲ. ಪ್ರೇರಣೆಯನ್ನು ನಿಲ್ಲಿಸಿದ ಮೇಲೂ ತೊಲೆ ಸುಮಾರು 3,500 ಸಲ ತುಯ್ದ ಬಳಿಕವೇ ಅದರ ವಿಸ್ತಾರ ಮೂರರಲ್ಲಿ ಒಂದು ಪಾಲಿಗೆ ಇಳಿಯುವುದೆಂದು ಇದರ ಅರ್ಥ. ಅನುನಾದ ಕಾಣಿಸಿಕೊಳ್ಳುವ ಆವೃತ್ತಿಯ ಪಟ್ಟಿಯು ಕೇವಲ 43 ಹರ್ಟ್ಸ್ ಅಗಲದ್ದೆಂಬುದೂ ಇದರೊಳಗೇ ಅಡಗಿದೆ. ಪಟ್ಟಿ ಇಷ್ಟು ಕಿರಿದಾಗಿರುವಲ್ಲಿ, ಎಳೆತದಿಂದ ಆವೃತ್ತಿಯು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಜರುಗಿದರೂ ಸಾಕು, ಹಳೆಯ ಲೆಕ್ಕವೆಲ್ಲ ಕೆಡುತ್ತದೆ. ಅಷ್ಟು ಜರುಗುವುದಕ್ಕೆ ಬೇಕಾದ ವಿಸ್ತಾರ ಸುಮಾರು 38 ನ್ಯಾನೊಮೀಟರ್, ಎಂದರೆ ತೊಲೆಯ ದಪ್ಪದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಶಕ್ತಿವ್ಯಯವನ್ನು ತಗ್ಗಿಸಿ ಉಪಕರಣವನ್ನು ಉತ್ತಮಗೊಳಿಸಲು ಪಟ್ಟ ಶ್ರಮವೇ ಅದನ್ನು ಅರೇಖೀಯತೆಯ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆಂಬುದು ಈ ಕ್ಷೇತ್ರದ ಮೂಲಭೂತ ಸತ್ಯಗಳಲ್ಲೊಂದು.

ಸ್ಥಾನಾಂತರದ ಘನವನ್ನು ಒಳಗೊಂಡ ಕಂಪನಸಮೀಕರಣಕ್ಕೆ ಡಫಿಂಗನ ಹೆಸರು ಅಂಟಿಕೊಂಡಿದೆ. ಗೇಯೋರ್ಗ್ ಡಫಿಂಗ್ ಜರ್ಮನಿಯ ಎಂಜಿನಿಯರ್. ಸಹಜ ಆವೃತ್ತಿಯೇ ಬದಲಾಗುತ್ತಿರುವ ವ್ಯವಸ್ಥೆಗಳ ಪ್ರೇರಿತ ಕಂಪನ ಮತ್ತು ಅದರ ತಾಂತ್ರಿಕ ಮಹತ್ತ್ವವನ್ನು ಕುರಿತು ಆತನು ಬರೆದ ಗ್ರಂಥ, ಮೊದಲನೆಯ ಮಹಾಯುದ್ಧ ಮುಗಿದ 1918ರಲ್ಲಿ ಬ್ರೌನ್‌ಷ್ವೈಗ್ ನಗರದಿಂದ ಹೊರಬಂತು. ದೊಡ್ಡ ಯಂತ್ರಗಳ ಕಾಲದಲ್ಲಿ ಹುಟ್ಟಿದ ಆ ಸಮೀಕರಣಕ್ಕೆ ಕಣ್ಣಿಗೆ ಕಾಣದಷ್ಟು ಕಿರಿದಾದ ತೊಲೆಗಳಲ್ಲಿ ಇಷ್ಟು ಯಥಾವತ್ತಾದ ನಿದರ್ಶನ ದೊರೆತೀತೆಂದು ಆಗ ಯಾರೂ ಎಣಿಸಿರಲಾರರು. ಪ್ರೇರಕ ಆವೃತ್ತಿಯಲ್ಲಿಯೇ ತೊಲೆ ಕಂಪಿಸುವುದೆಂದು ಭಾವಿಸಿ, ಆ ಕಂಪನದ ಕೊಸೈನನ್ನು ಘನಪದದಲ್ಲಿ ಇಟ್ಟರೆ, ಕೊಸೈನಿನ ಘನವು ಮುಕ್ಕಾಲು ಭಾಗ ಮೂಲ ಆವೃತ್ತಿಯ ಕೊಸೈನಾಗಿಯೂ ಕಾಲು ಭಾಗ ಮೂರು ಪಟ್ಟು ಆವೃತ್ತಿಯ ಕೊಸೈನಾಗಿಯೂ ಒಡೆಯುತ್ತದೆ. ಆ ಕಾಲು ಭಾಗವನ್ನು ಸದ್ಯಕ್ಕೆ ಬದಿಗಿಟ್ಟು ಉಳಿದದ್ದನ್ನು ಸರಿದೂಗಿಸಿದರೆ, ವಿಸ್ತಾರದ ವರ್ಗವನ್ನು ಅಜ್ಞಾತವಾಗುಳ್ಳ ಒಂದು ಘನಸಮೀಕರಣ ಕೈಗೆ ಬರುತ್ತದೆ. ಘನಸಮೀಕರಣಕ್ಕೆ ವಾಸ್ತವವಾದ ಮೂಲ ಒಂದಿರಬಹುದು, ಮೂರೂ ಇರಬಹುದು. ಇಷ್ಟೇ ಬಲದಿಂದ, ಇಷ್ಟೇ ಆವೃತ್ತಿಯಲ್ಲಿ ಪ್ರೇರಿಸಿದರೆ ತೊಲೆ ಎಷ್ಟು ವಿಸ್ತಾರವಾಗಿ ತುಯ್ಯುವುದೆಂಬ ಒಂದೇ ಪ್ರಶ್ನೆಗೆ ಮೂರು ಉತ್ತರಗಳು ದೊರೆಯುವ ಬಗೆ ಇದು.

ಪ್ರಯೋಗಾಲಯದಲ್ಲಿ ಇದು ಕಾಣುವ ರೀತಿ ಬೇರೆ. ಪ್ರೇರಕ ಆವೃತ್ತಿಯನ್ನು ಕೆಳಗಿನಿಂದ ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ವಿಸ್ತಾರವು ಏರುತ್ತ ಏರುತ್ತ ಬಂದು, ಒಂದು ಅಂಚಿನಲ್ಲಿ ಥಟ್ಟನೆ ಕುಸಿದು ಬೀಳುತ್ತದೆ. ಅದೇ ಆವೃತ್ತಿಯನ್ನು ಮೇಲಿನಿಂದ ಇಳಿಸುತ್ತ ಬಂದರೆ, ಬಿದ್ದ ಕಡೆಯಲ್ಲಿ ಏಳದೆ ಇನ್ನೂ ಕೆಳಗಿನ ಬೇರೊಂದು ಎಡೆಯಲ್ಲಿ ಥಟ್ಟನೆ ಮೇಲೇಳುತ್ತದೆ. ಈ ಎರಡು ಎಡೆಗಳ ನಡುವೆ ತೊಲೆಗೆ ಎರಡು ಸ್ಥಿರ ನಡೆಗಳುಂಟು; ಯಾವುದನ್ನು ಹಿಡಿದಿದೆಯೆಂಬುದು ಅದು ಬಂದ ದಾರಿಯನ್ನು ಅವಲಂಬಿಸಿದ್ದು. ಮೂರನೆಯ ಉತ್ತರ, ನಡುವಿನದು, ಎಂದೂ ಕಾಣಿಸುವುದಿಲ್ಲ. ಅದು ಸಮೀಕರಣಕ್ಕೆ ಒಪ್ಪಿದ ನಡೆಯೇ ಹೌದು. ಆದರೆ ಅತ್ಯಲ್ಪ ಕದಲಿಕೆಯೂ ಬೆಳೆಯುತ್ತ ಹೋಗಿ ತೊಲೆಯನ್ನು ಮೇಲಿನ ನಡೆಗೋ ಕೆಳಗಿನ ನಡೆಗೋ ತಳ್ಳಿಬಿಡುವುದರಿಂದ, ಮಾಪಕದ ಕಣ್ಣಿಗೆ ಅದು ಬೀಳುವುದಿಲ್ಲ.

ತೊಲೆಯನ್ನು ಪ್ರೇರಿಸುವ ವಿದ್ಯುದ್ಬಲವು ಎಳೆತದ ಗಟ್ಟಿಗೊಳಿಸುವ ಗುಣಕ್ಕೆ ಎದುರಾದ ಗುಣವುಳ್ಳದ್ದು. ತೊಲೆಗೂ ಅದರ ಪಕ್ಕದ ವಿದ್ಯುದ್ವಾರಕ್ಕೂ ನಡುವಿನ ತೆರಪು ಒಂದೆರಡು ಮೈಕ್ರೋಮೀಟರ್ ಇರುವಲ್ಲಿ, ಅವುಗಳ ಆಕರ್ಷಣೆ ತೆರಪಿನ ವರ್ಗಕ್ಕೆ ವಿಲೋಮವಾಗಿ ಬೆಳೆಯುತ್ತದೆ. ತೊಲೆ ಹತ್ತಿರ ಬಂದಷ್ಟೂ ಹೆಚ್ಚು ಸೆಳೆಯಲ್ಪಟ್ಟು, ಇದ್ದುದಕ್ಕಿಂತ ಮೆತುವಾದಂತೆ ನಡೆದುಕೊಂಡು, ಅದರ ಆವೃತ್ತಿ ಇಳಿಯುತ್ತದೆ. ಒಂದು ಮಿತಿಯನ್ನು ದಾಟಿದರೆ ಸ್ಥಿತಿಸ್ಥಾಪಕತೆ ಸೋತು, ತೊಲೆ ವಿದ್ಯುದ್ವಾರಕ್ಕೆ ಬಡಿದು ಅಂಟಿಕೊಳ್ಳುತ್ತದೆ. ಸಮಾಂತರ ಫಲಕಗಳಲ್ಲಿ, ವೋಲ್ಟೇಜನ್ನು ಮೆಲ್ಲನೆ ಏರಿಸಿದಾಗ, ತೆರಪಿನ ಮೂರನೆಯ ಒಂದು ಭಾಗವನ್ನು ಸರಿದೊಡನೆ ಈ ಅನರ್ಥ ಸಂಭವಿಸುವುದೆಂಬುದನ್ನು ನೇಥನ್ಸನ್ 1967ರಲ್ಲಿಯೇ ವಿವರಿಸಿದ್ದರು. ಎಳೆತವು ಆವೃತ್ತಿಯನ್ನು ಏರಿಸುತ್ತದೆ, ಆಕರ್ಷಣೆಯು ಇಳಿಸುತ್ತದೆ. ಇವೆರಡನ್ನೂ ಒಂದಕ್ಕೊಂದು ಸರಿಹೋಗುವಂತೆ ಹೂಡಿದರೆ, ತೊಲೆಯ ಅನುಪಾತದ ವಲಯವನ್ನು ಹಲವು ಪಟ್ಟು ಹಿಗ್ಗಿಸಬಹುದು. ದೋಷವೆಂದು ದೂರಿದ್ದನ್ನೇ ದೋಷನಿವಾರಣೆಗೆ ತೊಡಗಿಸುವ ಈ ಉಪಾಯ ನನಗೆ ತುಂಬ ಮೆಚ್ಚಿಕೆಯಾದದ್ದು. ಆದರೆ ಯಾವ ವೋಲ್ಟೇಜಿನಲ್ಲಿ, ಯಾವ ತೆರಪಿನಲ್ಲಿ, ಎಷ್ಟು ವಿಸ್ತಾರದವರೆಗೆ ಸರಿಹೋಗುವುದೆಂಬುದನ್ನು ನೂರಾರು ತೊಲೆಗಳನ್ನು ಕಡೆದು ಕೆಡಿಸಿ ತಿಳಿಯುವುದಾದರೆ ಅದಕ್ಕೆ ಹಣವೂ ಸಾಲದು, ಕಾಲವೂ ಸಾಲದು. ಆದುದರಿಂದಲೇ ಕಂಪ್ಯೂಟರಿನಲ್ಲಿ ತೊಲೆಯ ನಡೆಯನ್ನು ಅನುಕರಿಸಿ ನೋಡುವ ಸಿಮ್ಯುಲೇಷನ್ ವಿದ್ಯೆ ಬೇಕಾಯಿತು.

ಅನುಕರಣೆಯೆಂದೊಡನೆ ಯಾರಿಗಾದರೂ ಮೊದಲು ಹೊಳೆಯುವ ದಾರಿ ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸುವುದು: ಈ ಕ್ಷಣದಲ್ಲಿ ತೊಲೆ ಇಲ್ಲಿದೆ, ಇಷ್ಟು ವೇಗದಲ್ಲಿದೆ, ಅದರ ಮೇಲೆ ಇಷ್ಟು ಬಲವಿದೆ, ಹಾಗಾದರೆ ಮರುಕ್ಷಣದಲ್ಲಿ ಎಲ್ಲಿರುವುದು? ದಾರಿ ಋಜುವಾದದ್ದು, ಆದರೆ ದೂರವಾದದ್ದು. ಗುಣಸಂಖ್ಯೆ 10,000 ಇರುವ ನಮ್ಮ ತೊಲೆ ತನ್ನ ಆರಂಭದ ತಡಬಡಿಕೆಯನ್ನು ಕಳೆದುಕೊಂಡು ಸ್ಥಿರವಾದ ನಡೆಗೆ ಬರಬೇಕಾದರೆ 20,000 ಆವರ್ತಗಳಾದರೂ ಕಳೆಯಬೇಕು. ಆವರ್ತವೊಂದಕ್ಕೆ 100 ಹೆಜ್ಜೆಗಳಂತೆ ಇದು 20 ಲಕ್ಷ ಹೆಜ್ಜೆ. ಇಷ್ಟಾದರೆ ಒಂದು ಆವೃತ್ತಿಗೆ ಒಂದು ಉತ್ತರ ಬಂದಂತೆ. ಅನುನಾದದ ವಕ್ರರೇಖೆಯನ್ನು ಬರೆಯಲು ಅಂಥ 200 ಬಿಂದುಗಳು ಬೇಕಾದರೆ, ಮೊತ್ತ 40 ಕೋಟಿ ಹೆಜ್ಜೆಗಳಿಗೆ ಮುಟ್ಟುತ್ತದೆ. ತೊಲೆಯನ್ನು ಒಂದೇ ಸಂಖ್ಯೆಯಿಂದ ವರ್ಣಿಸಿದ್ದರೆ ಇದನ್ನು ಸಹಿಸಬಹುದಿತ್ತು. ಲಕ್ಷಾಂತರ ಬಿಂದುಗಳಾಗಿ ಒಡೆದು ವರ್ಣಿಸಿದ ರಚನೆಯಲ್ಲಿ ಒಂದೊಂದು ಹೆಜ್ಜೆಗೂ ಲಕ್ಷಾಂತರ ಸಮೀಕರಣಗಳನ್ನು ಏಕಕಾಲದಲ್ಲಿ ಬಿಡಿಸಬೇಕು. ನಿಜವಾದ ತೊಲೆಗೆ ಆ 20,000 ಆವರ್ತಗಳು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗವೂ ಅಲ್ಲ.

ವ್ಯಯಕ್ಕಿಂತ ಗುರುತರವಾದ ಆಕ್ಷೇಪಣೆ ಇನ್ನೊಂದಿದೆ. ಹೆಜ್ಜೆಹೆಜ್ಜೆಯಾಗಿ ಕಾಲದೊಡನೆ ನಡೆಯುವ ಲೆಕ್ಕ, ನಿಜವಾದ ತೊಲೆಯಂತೆಯೇ, ಎರಡು ಸ್ಥಿರ ನಡೆಗಳಲ್ಲಿ ಯಾವುದೋ ಒಂದಕ್ಕೆ ಹೋಗಿ ಸೇರುತ್ತದೆ. ಅಸ್ಥಿರವಾದ ಮೂರನೆಯದರ ಸುಳಿವನ್ನೂ ಕೊಡುವುದಿಲ್ಲ. ಮುಂದೇನಾಗುವುದೆಂದು ಕೇಳುವವರಿಗೆ ಒಂದು ಉತ್ತರ ಸಾಕು. ಏನೇನು ಆಗಬಲ್ಲುದೆಂದು ತಿಳಿಯಬೇಕಾದವರಿಗೆ ಮೂರೂ ಬೇಕು. ಯಂತ್ರವನ್ನು ನಿರ್ಮಿಸುವವನು ಎರಡನೆಯ ಗುಂಪಿಗೆ ಸೇರಿದವನು. ಸ್ಥಿರವಾದ ಎರಡು ನಡೆಗಳಿಗೆ ನಡುವಣ ಎಲ್ಲೆ ಆ ಕಾಣದ ಮೂರನೆಯದನ್ನು ಹಾದು ಹೋಗುವುದರಿಂದ, ಎಷ್ಟು ಧಕ್ಕೆ ಬಿದ್ದರೆ ತೊಲೆ ಒಂದರಿಂದ ಇನ್ನೊಂದಕ್ಕೆ ಹಾರುವುದೆಂಬುದು ಅದನ್ನು ಬಲ್ಲವನಿಗೆ ಮಾತ್ರ ಗೊತ್ತಾಗುವಂಥದು. ಅನುಕರಣೆಯ ಶ್ರೇಷ್ಠತೆ ಪ್ರಯೋಗವನ್ನು ಪುನಃ ಮಾಡಿ ತೋರಿಸುವುದರಲ್ಲಿಲ್ಲ, ಪ್ರಯೋಗಕ್ಕೆ ಎಟುಕದ್ದನ್ನು ಕಾಣಿಸುವುದರಲ್ಲಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕಾಲದೊಡನೆ ಹೆಜ್ಜೆಯಿಡುವ ಲೆಕ್ಕಕ್ಕೂ ತನ್ನದೇ ಆದ ಒಂದು ಮಹಾಕ್ಷಣವುಂಟು. ಅದನ್ನು ಹೇಳದೆ ಮುಂದುವರಿದರೆ ಕೃತಘ್ನತೆಯಾದೀತು. ಲಾಸ್ ಅಲಮಾಸ್‌ನ ಪ್ರಯೋಗಾಲಯದಲ್ಲಿ ಮೇನಿಯಕ್ ಎಂಬ ಕಂಪ್ಯೂಟರು ಹೊಸದಾಗಿದ್ದ 1953ರ ಸುಮಾರಿಗೆ, ಎನ್ರಿಕೊ ಫರ್ಮಿ, ಜಾನ್ ಪಾಸ್ತಾ, ಸ್ಟಾನಿಸ್ಲಾವ್ ಉಲಾಮ್ ಅವರು ಅರೇಖೀಯ ಸ್ಪ್ರಿಂಗುಗಳಿಂದ ಜೋಡಿಸಿದ ಕೆಲವು ಹತ್ತು ಕಣಗಳ ಸರಪಣಿಯೊಂದನ್ನು ಆ ಯಂತ್ರದಲ್ಲಿ ಕಂಪಿಸಿ ನೋಡಲು ನಿಶ್ಚಯಿಸಿದರು. ಆ ಲೆಕ್ಕವನ್ನು ಯಂತ್ರಕ್ಕೆ ತಿಳಿಯುವ ರೂಪದಲ್ಲಿ ಬರೆದವರು ಮೇರಿ ಸಿಂಗೂ ಎಂಬ ತರುಣ ಗಣಿತಜ್ಞೆ. ಮೊದಲನೆಯ ಕಂಪನರೀತಿಗೆ ಕೊಟ್ಟ ಶಕ್ತಿಯು, ಅರೇಖೀಯತೆ ಎಷ್ಟೇ ಅಲ್ಪವಾಗಿದ್ದರೂ, ಕಾಲಕ್ರಮದಲ್ಲಿ ಎಲ್ಲ ರೀತಿಗಳಿಗೂ ಸಮನಾಗಿ ಹಂಚಿಹೋಗುವುದೆಂದು ಅವರೆಲ್ಲರೂ ನಿರೀಕ್ಷಿಸಿದ್ದರು. ಆದದ್ದೇ ಬೇರೆ: ಶಕ್ತಿಯು ಕೆಲವೇ ರೀತಿಗಳಲ್ಲಿ ಅಲೆದಾಡಿ, ಬಹುತೇಕ ಪೂರ್ತಿಯಾಗಿ ಮೊದಲಿನದಕ್ಕೇ ಮರಳಿಬಂತು. 1954ರ ನವೆಂಬರಿನಲ್ಲಿ ಫರ್ಮಿ ತೀರಿಕೊಂಡರು. ವರದಿ ಸಿದ್ಧವಾದದ್ದು 1955ರಲ್ಲಿ. ಕೆಲಸ ಮಾಡಿದವರೆಂದು ನಾಲ್ವರ ಹೆಸರನ್ನೂ, ವರದಿ ಬರೆದವರೆಂದು ಮೂವರ ಹೆಸರನ್ನೂ ಅದರಲ್ಲಿ ನಮೂದಿಸಿದ್ದುದರಿಂದ, ಆ ಸಮಸ್ಯೆ ಬಹುಕಾಲ ಮೂವರ ಹೆಸರಿನಿಂದಲೇ ನಡೆಯಿತು. ಸಿಂಗೂ ಅವರ ಹೆಸರನ್ನೂ ಅದಕ್ಕೆ ಸೇರಿಸಬೇಕೆಂಬ ನ್ಯಾಯವಾದ ಮಾತು ಎದ್ದು ನಿಂತದ್ದು 2008ರಲ್ಲಿ. ಕಂಪ್ಯೂಟರು ಮನುಷ್ಯನ ನಿರೀಕ್ಷೆಯನ್ನು ದೃಢಪಡಿಸುವ ಉಪಕರಣ ಮಾತ್ರವಾಗಿರದೆ, ಅದನ್ನು ಭಂಗಿಸುವ ಪ್ರಯೋಗಶಾಲೆಯೂ ಆಗಬಲ್ಲುದೆಂಬುದು ಅಂದು ತಿಳಿಯಿತು.

ಇನ್ನು ಮೂರು ಉತ್ತರಗಳನ್ನೂ ಹಿಡಿಯುವ ಬಗೆ. ಸ್ಥಿರವಾದ ನಡೆಯು ಹೇಗೂ ಆವರ್ತಕವಾದದ್ದಾದ್ದರಿಂದ, ಆರಂಭದ ತಡಬಡಿಕೆಯನ್ನು ಲೆಕ್ಕಿಸುವ ಗೊಡವೆಗೇ ಹೋಗದೆ, ನಡೆಯನ್ನು ಮೂಲ ಆವೃತ್ತಿ, ಅದರ ಇಮ್ಮಡಿ, ಮುಮ್ಮಡಿ ಇತ್ಯಾದಿಗಳ ಕೆಲವು ಕೊಸೈನು ಸೈನುಗಳ ಮೊತ್ತವೆಂದು ಮೊದಲೇ ಬರೆದುಕೊಂಡು, ಸಮೀಕರಣದ ಎರಡು ಕಡೆಗಳಲ್ಲೂ ಆಯಾ ಆವೃತ್ತಿಯ ಅಂಶಗಳು ಸರಿದೂಗುವಂತೆ ಅವುಗಳ ಪ್ರಮಾಣಗಳನ್ನು ಕಂಡುಹಿಡಿಯುತ್ತಾರೆ. ಹಾರ್ಮೋನಿಕ್ ಬ್ಯಾಲೆನ್ಸ್ ಎಂದು ಇದರ ಹೆಸರು. ಡಫಿಂಗನ ಸಮೀಕರಣಕ್ಕೆ ಮೇಲೆ ಮಾಡಿದ ಲೆಕ್ಕ ಇದರ ಅತ್ಯಂತ ಸರಳ ರೂಪ. ಅಲ್ಲಿ ಬದಿಗಿಟ್ಟ ಮುಮ್ಮಡಿ ಆವೃತ್ತಿಯ ಕಾಲು ಭಾಗವೂ ಇಲ್ಲಿ ತನ್ನ ಸ್ಥಾನಕ್ಕೆ ಬಂದು ಸೇರುತ್ತದೆ. 20 ಲಕ್ಷ ಹೆಜ್ಜೆಗಳ ಬದಲು ಹತ್ತಿಪ್ಪತ್ತು ಅಜ್ಞಾತಗಳು. ಉಳಿತಾಯ ಎಷ್ಟೆಂಬುದನ್ನು ಬೇರೆ ಹೇಳಬೇಕಾದದ್ದಿಲ್ಲ.

ಆದರೂ ಒಂದು ತೊಡಕು ಉಳಿಯಿತು. ಆವೃತ್ತಿಯನ್ನು ಒಂದೊಂದು ಹೆಜ್ಜೆ ಏರಿಸುತ್ತ, ಹಿಂದಿನ ಉತ್ತರವನ್ನೇ ಮುಂದಿನದಕ್ಕೆ ಊಹೆಯಾಗಿ ಕೊಡುತ್ತ ಹೋದರೆ, ವಕ್ರರೇಖೆ ಹಿಂದಕ್ಕೆ ಮಡಿಚಿಕೊಳ್ಳುವ ಅಂಚಿನಲ್ಲಿ ಲೆಕ್ಕವೂ ತೊಲೆಯಂತೆಯೇ ಕೆಳಗೆ ಬೀಳುತ್ತದೆ, ಇಲ್ಲವೇ ಉತ್ತರವೇ ಸಿಕ್ಕದೆ ನಿಲ್ಲುತ್ತದೆ. 1970ರ ದಶಕದಲ್ಲಿ ನೆದರ್ಲೆಂಡಿನ ಎಡ್ವರ್ಡ್ ರಿಕ್ಸ್, ಅಮೆರಿಕದ ಹರ್ಬರ್ಟ್ ಕೆಲ್ಲರ್ ಮೊದಲಾದವರು ತೋರಿಸಿದ ಪರಿಹಾರ ಸುಂದರವಾದದ್ದು: ಆವೃತ್ತಿಯನ್ನು ನಮ್ಮ ಕೈಯಲ್ಲಿ ಹಿಡಿದಿಟ್ಟುಕೊಳ್ಳದೆ ಅದನ್ನೂ ಅಜ್ಞಾತವೆಂದೇ ಎಣಿಸಿ, ವಕ್ರರೇಖೆಯ ಉದ್ದಕ್ಕೆ ಇಷ್ಟು ದೂರ ನಡೆಯಬೇಕೆಂಬ ಒಂದೇ ನಿಯಮವನ್ನು ಹೆಚ್ಚಿಗೆ ಸೇರಿಸುವುದು. ಆಗ ಲೆಕ್ಕವು ಅಂಚನ್ನು ಬಳಸಿಕೊಂಡು ಹಿಂದಕ್ಕೆ ತಿರುಗಿ, ಪ್ರಯೋಗಕ್ಕೆ ಎಂದೂ ಕಾಣಿಸದ ನಡುಗವಲಿನ ಮೇಲೆ ನಿರಾತಂಕವಾಗಿ ಸಾಗಿ, ಇನ್ನೊಂದು ಅಂಚಿನಲ್ಲಿ ಮತ್ತೆ ಮುಂದಕ್ಕೆ ತಿರುಗುತ್ತದೆ. ಯಾವ ತುಂಡು ಸ್ಥಿರ, ಯಾವುದು ಅಸ್ಥಿರ ಎಂಬುದನ್ನು 1883ರಲ್ಲಿ ಫ್ರಾನ್ಸಿನ ಗಸ್ತೋನ್ ಫ್ಲೋಕೆ ಪ್ರಕಟಿಸಿದ ಸಿದ್ಧಾಂತದಿಂದ ನಿರ್ಣಯಿಸುತ್ತಾರೆ: ಆವರ್ತಕ ನಡೆಯಿಂದ ಕೊಂಚ ಕದಲಿಸಿ ಒಂದು ಆವರ್ತ ಬಿಟ್ಟು ನೋಡಿದರೆ, ಆ ಕದಲಿಕೆ ಕುಗ್ಗಿದೆಯೋ ಹಿಗ್ಗಿದೆಯೋ ಎಂಬುದೇ ಪರೀಕ್ಷೆ.

ಇದೆಲ್ಲ ಒಂಟಿ ತೊಲೆಯ ಮಾತಾಯಿತು. ನಿಜವಾದ ಗೈರೊಸ್ಕೋಪು, ಲೇಸರನ್ನು ಅತ್ತಿತ್ತ ಹೊರಳಿಸುವ ಸೂಕ್ಷ್ಮ ಕನ್ನಡಿ ಮೊದಲಾದವುಗಳ ಆಕಾರ ಇಷ್ಟು ಸರಳವಲ್ಲ. ಅವುಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸಿ ಫೈನೈಟ್ ಎಲಿಮೆಂಟ್ ಪದ್ಧತಿಯಿಂದ ವರ್ಣಿಸಿದರೆ ಅಜ್ಞಾತಗಳ ಸಂಖ್ಯೆ ಲಕ್ಷಗಳನ್ನು ಮುಟ್ಟುತ್ತದೆ. ಅಷ್ಟನ್ನೂ ಹೊತ್ತು ಮೇಲಿನ ವಿಧಾನಗಳಲ್ಲಿ ನಡೆಯುವುದು ಕಷ್ಟಸಾಧ್ಯವಾದುದರಿಂದ, ಮೊದಲು ವರ್ಣನೆಯನ್ನೇ ಸಂಕ್ಷೇಪಿಸಬೇಕು. ಇಲ್ಲಿ ಎಚ್ಚರ ತಪ್ಪಿದರೆ ಆಗುವ ಪ್ರಮಾದವನ್ನು ನಮ್ಮ ತೊಲೆಯ ಮೇಲೆಯೇ ತೋರಿಸಬಹುದು. ತೊಲೆ ಮೇಲಕ್ಕೆ ಕೆಳಕ್ಕೆ ಬಾಗುವ ಮೊದಲನೆಯ ರೀತಿಯೊಂದನ್ನೇ ಇಟ್ಟುಕೊಂಡು ಉಳಿದೆಲ್ಲವನ್ನೂ ಬಿಟ್ಟೆವೆನ್ನಿ. ಬಾಗಿದ ತೊಲೆಯಲ್ಲಿ ಇಳಿಜಾರು ಹೆಚ್ಚಿರುವ ಕಡೆ ಉದ್ದಿಕೆ ಹೆಚ್ಚು, ನಡುವಿನಲ್ಲಿಯೂ ತುದಿಗಳಲ್ಲಿಯೂ ಕಡಮೆ. ನಿಜವಾದ ತೊಲೆಯಲ್ಲಿ ದ್ರವ್ಯವು ಉದ್ದಕ್ಕೂ ನವಿರಾಗಿ ಅತ್ತಿತ್ತ ಸರಿದು ಎಳೆತವನ್ನು ಎಲ್ಲೆಡೆಯೂ ಸಮನಾಗಿ ಹಂಚಿಕೊಳ್ಳುತ್ತದೆ. ಆ ಸರಿದಾಟವು ಬಾಗುವ ರೀತಿಯಲ್ಲಿ ಇಲ್ಲದೆ, ಬಹಳ ಮೇಲಣ ಆವೃತ್ತಿಗಳ ರೀತಿಗಳಲ್ಲಿ ಅಡಗಿರುವುದರಿಂದ, ಅವುಗಳನ್ನು ಬಿಟ್ಟ ನಮ್ಮ ಸಂಕ್ಷಿಪ್ತ ತೊಲೆಗೆ ಸರಿಯುವ ಸ್ವಾತಂತ್ರ್ಯವೇ ಇರುವುದಿಲ್ಲ. ಅದರ ಗಟ್ಟಿತನದ ಗುಣಕವು ಇರಬೇಕಾದದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಾಗಿ ಬರುತ್ತದೆ, ದಪ್ಪದ ದಿಕ್ಕಿನ ಕುಗ್ಗುವಿಕೆಯನ್ನೂ ಕಟ್ಟಿಹಾಕಿದ್ದರೆ ಇನ್ನೂ ಹೆಚ್ಚು. ನಗಣ್ಯವೆಂದು ಕೈಬಿಟ್ಟ ಕಂಪನಗಳು ತಾವಾಗಿ ಕಂಪಿಸದಿದ್ದರೂ ಬಾಗುವಿಕೆಯ ಹಿಂದೆಯೇ ಅದರ ವರ್ಗದಂತೆ ನಡೆದುಬರುತ್ತವೆ. ಅವುಗಳನ್ನು ಆ ಅನುಚರರ ಪದವಿಯಲ್ಲಿಯೇ ಲೆಕ್ಕಕ್ಕೆ ತಂದುಕೊಳ್ಳಬೇಕು.

ಈ ಸೂಕ್ಷ್ಮವನ್ನು ಗಣಿತದ ಭಾಷೆಗೆ ತಂದ ಪರಂಪರೆ ದೀರ್ಘವಾದದ್ದು. ಅರೇಖೀಯ ವ್ಯವಸ್ಥೆಗೂ ತನ್ನದೇ ಆದ ಸಹಜ ಕಂಪನರೀತಿಗಳು ಉಂಟೆಂಬ ಭಾವನೆಯನ್ನು ರೋಸೆನ್‌ಬರ್ಗ್ 1960ರ ದಶಕದಲ್ಲಿ ಬೆಳೆಸಿದರು. 1990ರ ದಶಕದ ಆದಿಯಲ್ಲಿ ಸ್ಟೀವನ್ ಷಾ ಮತ್ತು ಕ್ರಿಸ್ಟೋಫ್ ಪಿಯರ್, ಅಂಥ ರೀತಿಯೊಂದನ್ನು ಸಕಲ ಸಾಧ್ಯ ಚಲನೆಗಳ ಆಕಾಶದಲ್ಲಿ ಬಾಗಿ ಹಬ್ಬಿದ ಒಂದು ಮೇಲ್ಮೈಯೆಂದು ಕಂಡರು. ರೇಖೀಯವಾದದ್ದಾಗಿದ್ದರೆ ಆ ಮೇಲ್ಮೈ ಚಪ್ಪಟೆಯಾಗಿರುತ್ತಿತ್ತು. ಅದರ ಮೇಲೆ ಆರಂಭವಾದ ಚಲನೆ ಅದನ್ನು ಬಿಟ್ಟು ಹೊರಹೋಗುವುದಿಲ್ಲ. ಆದುದರಿಂದ ಲಕ್ಷ ಅಜ್ಞಾತಗಳ ಚಲನೆಯನ್ನು ಆ ಮೇಲ್ಮೈಯ ಮೇಲಿನ ಎರಡೇ ಸಂಖ್ಯೆಗಳಿಂದ ಹೇಳಬಹುದು. ಜೂರಿಕ್‌ನಲ್ಲಿ ಜಾರ್ಜ್ ಹ್ಯಾಲರ್ ಅವರ ಬಳಗವೂ, ಪ್ಯಾರಿಸ್ಸಿನ ಸಿರಿಲ್ ತೂಜೆ, ಮಿಲಾನಿನ ಅತ್ತಿಲಿಯೊ ಫ್ರಾಂಜಿ ಮತ್ತು ಅವರ ಸಂಗಡಿಗರೂ ಕಳೆದ ಹತ್ತು ವರ್ಷಗಳಲ್ಲಿ ಈ ಮೇಲ್ಮೈಯನ್ನು ಫೈನೈಟ್ ಎಲಿಮೆಂಟ್ ವರ್ಣನೆಯಿಂದಲೇ ನೇರವಾಗಿ ಕಂಡುಹಿಡಿಯುವ ಮಾರ್ಗಗಳನ್ನು ರೂಪಿಸಿದ್ದಾರೆ. ಮಿಲಾನಿನ ಬಳಗ ಅದನ್ನು ಸೂಕ್ಷ್ಮ ಕನ್ನಡಿಗಳ ಮೇಲೆಯೇ ಪ್ರಯೋಗಿಸಿ ನೋಡಿದೆ. ದಿನಗಟ್ಟಲೆ ನಡೆಯಬೇಕಾದ ಲೆಕ್ಕ ನಿಮಿಷಗಳಲ್ಲಿ ಮುಗಿಯುವುದು ಇದರ ಲಾಭ. ಬಿಡಬೇಕಾದದ್ದು ಯಾವುದೆಂಬುದನ್ನು ವ್ಯವಸ್ಥೆಯೇ ಹೇಳಿಕೊಡುತ್ತದೆಂಬುದನ್ನು ನಾನು ಅದಕ್ಕಿಂತ ದೊಡ್ಡ ಲಾಭವೆಂದು ಎಣಿಸುತ್ತೇನೆ.

ಕೆಲವು ಸಂದರ್ಭಗಳಲ್ಲಿ ಎರಡು ಸಂಖ್ಯೆಗಳು ಸಾಲುವುದಿಲ್ಲ. ಒಂದು ರೀತಿಯ ಆವೃತ್ತಿಯು ಇನ್ನೊಂದರ ಇಮ್ಮಡಿಯೋ ಮುಮ್ಮಡಿಯೋ ಆಗಿದ್ದರೆ, ಅರೇಖೀಯತೆಯು ಅವೆರಡರ ನಡುವೆ ಬಾಗಿಲು ತೆರೆದು, ಒಂದಕ್ಕೆ ಕೊಟ್ಟ ಶಕ್ತಿ ಇನ್ನೊಂದಕ್ಕೆ ಹರಿಯುತ್ತದೆ. 2012ರಲ್ಲಿ ಅಂತೋನಿಯೊ, ಸಾನೆತ್ತೆ, ಲೋಪೆಸ್ ಎಂಬ ವಿಜ್ಞಾನಿಗಳು, ವಿಸ್ತಾರ ಹೆಚ್ಚಿದಂತೆ ಏರುತ್ತ ಬಂದ ತೊಲೆಯ ಆವೃತ್ತಿಯನ್ನು ಮುಮ್ಮಡಿ ಆವೃತ್ತಿಯ ಇನ್ನೊಂದು ರೀತಿಗೆ ತಗುಲಿಸಿ, ಅಲ್ಲಿಯೇ ಅದು ನೆಲೆನಿಲ್ಲುವಂತೆ ಮಾಡಿ ಅದರ ಏರಿಳಿತವನ್ನು ಬಹುವಾಗಿ ತಗ್ಗಿಸಿದರು. ಇನ್ನೊಂದು ಬಗೆಯ ಪ್ರೇರಣೆಯಲ್ಲಿ, ತೊಲೆಯನ್ನು ನೂಕುವುದಕ್ಕೆ ಬದಲಾಗಿ ಅದರ ಬಿಗಿಯನ್ನೇ ಏರಿಳಿಸಲಾಗುತ್ತದೆ. ಸಹಜ ಆವೃತ್ತಿಯ ಇಮ್ಮಡಿಯಲ್ಲಿ ಹಾಗೆ ಮಾಡಿದರೆ ಕಂಪನ ತಾನಾಗಿ ಏಳುತ್ತದೆ. ಇಮ್ಮಡಿಯಲ್ಲಷ್ಟೇ ಅಲ್ಲ, ಆ ಇಮ್ಮಡಿಯನ್ನು ಪೂರ್ಣಸಂಖ್ಯೆಗಳಿಂದ ಭಾಗಿಸಿದ ಎಡೆಗಳಲ್ಲಿಯೂ ಅದು ಏಳಬೇಕೆಂದು ಗಣಿತ ಹೇಳುತ್ತಿತ್ತು. ದೊಡ್ಡ ವಸ್ತುಗಳಲ್ಲಿ ಕಂಪನವನ್ನು ತಗ್ಗಿಸುವ ಅವಮಂದನವು ಅವುಗಳನ್ನು ಅಳಿಸಿಬಿಡುತ್ತಿದ್ದುದರಿಂದ ಮೊದಲ ಒಂದೆರಡನ್ನು ಬಿಟ್ಟು ಉಳಿದವು ಕಾಣುವುದು ಅಪರೂಪವಾಗಿತ್ತು. 1998ರಲ್ಲಿ ಕಿಂಬರ್ಲಿ ಟರ್ನರ್ ಮತ್ತು ಸಂಗಡಿಗರು ಸೂಕ್ಷ್ಮ ರಚನೆಯೊಂದರಲ್ಲಿ ಅಂಥ ಐದನ್ನು ಒಟ್ಟಿಗೆ ಕಂಡು ಪ್ರಕಟಿಸಿದರು. ಈ ವಿದ್ಯೆಯಲ್ಲಿ ನಮ್ಮವರ ಪಾಲೂ ಉಂಟು: ಕಲ್ಕತ್ತೆಯಲ್ಲಿ ಸರಕಾರದ ಲೆಕ್ಕಪತ್ರದ ಹುದ್ದೆಯಲ್ಲಿದ್ದುಕೊಂಡು ಬಿಡುವಿನ ಹೊತ್ತಿನಲ್ಲಿ ಪ್ರಯೋಗ ನಡೆಸುತ್ತಿದ್ದ ಚಂದ್ರಶೇಖರ ವೆಂಕಟ ರಾಮನ್ 1912ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ, ತಂತಿಯ ಎಳೆತವನ್ನು ಆವರ್ತಕವಾಗಿ ಬದಲಾಯಿಸಿ ಅದರ ಕಂಪನವನ್ನು ಉಳಿಸಿಕೊಳ್ಳುವ ಇದೇ ಬಗೆಯಾಗಿತ್ತು. ಮುಂದೆ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮೃದಂಗದ ಚರ್ಮದ ಕಂಪನರೀತಿಗಳ ಆವೃತ್ತಿಗಳು ಸಂಗೀತಕ್ಕೆ ಒಪ್ಪುವ ಪೂರ್ಣಸಂಖ್ಯಾ ಅನುಪಾತಗಳಲ್ಲಿ ಬಂದು ಕೂಡುವುದನ್ನು ಅವರು ವಿವರಿಸಿದರು. ಅವರು ನಿರ್ದೇಶಕರಾಗಿದ್ದ ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಇಂದು ಮಾಲಿಬ್ಡಿನಮ್ ಡೈಸಲ್ಫೈಡಿನ ಹಾಳೆಗಳನ್ನು ಬಿಗಿದು ಮಾಡಿದ ಡೋಲುಗಳು ಕಂಪಿಸುತ್ತಿವೆ. ಆ ದ್ರವ್ಯದ ಒಂದು ಪದರದ ದಪ್ಪ ಒಂದು ನ್ಯಾನೊಮೀಟರಿಗಿಂತಲೂ ಕಡಮೆ. ಅಲ್ಲಿ ವೋಲ್ಟೇಜನ್ನು ಬದಲಾಯಿಸಿ ಹಾಳೆಯ ಬಿಗಿಯನ್ನು ಹೊಂದಿಸುತ್ತ, ಒಂದು ಕಂಪನರೀತಿ ಇನ್ನೊಂದರೊಡನೆ ಶಕ್ತಿಯನ್ನು ವಿನಿಮಯ ಮಾಡಿಕೊಳ್ಳುವ ಪರಿಯನ್ನು ಪರೀಕ್ಷಿಸುತ್ತಾರೆ.

ಗಾಳಿಯ ವಿಷಯವನ್ನು ಇದುವರೆಗೆ ಬದಿಗಿಟ್ಟಿದ್ದೆ. ಎಲ್ಲ ಉಪಕರಣಗಳೂ ನಿರ್ವಾತದಲ್ಲಿ ಇರುವುದಿಲ್ಲ. ಮೈಕ್ರೋಫೋನು ಗಾಳಿಯಲ್ಲಿಯೇ ಇರಬೇಕು. ಫಲಕ ಮತ್ತು ನೆಲದ ನಡುವೆ ಸಿಕ್ಕಿದ ಗಾಳಿ ಹಿಂಡಲ್ಪಟ್ಟು ಹೊರಹೋಗುವಾಗ ಶಕ್ತಿಯನ್ನು ಹೀರುತ್ತದೆ. ತೆರಪು 2 ಮೈಕ್ರೋಮೀಟರ್ ಇದ್ದು, ಗಾಳಿಯ ಅಣುಗಳು ಒಂದಕ್ಕೊಂದು ತಾಗದೆ ಸಾಗುವ ಸರಾಸರಿ ದೂರ 70 ನ್ಯಾನೊಮೀಟರಿನಷ್ಟಿರುವಲ್ಲಿ, ಗಾಳಿಯನ್ನು ಅಖಂಡವಾದ ದ್ರವವೆಂದು ಎಣಿಸುವುದೂ ಪೂರ್ತಿ ಸರಿಯಲ್ಲ. ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ರುದ್ರ ಪ್ರತಾಪ್ ಮತ್ತು ಅವರ ಶಿಷ್ಯರು ಹಲವು ವರ್ಷ ಶ್ರಮಿಸಿದ್ದು ಈ ಹಿಂಡಿದ ಗಾಳಿಯ ಅವಮಂದನವನ್ನು ಲೆಕ್ಕಕ್ಕೆ ಒಗ್ಗಿಸುವುದರಲ್ಲಿ.

ಇಷ್ಟೆಲ್ಲ ವಿದ್ಯೆ ಕೈಯಲ್ಲಿದ್ದೂ ಲೆಕ್ಕದ ತೊಲೆಗೂ ಕಡೆದ ತೊಲೆಗೂ ನಡುವೆ ಒಂದು ಅಂತರ ಉಳಿಯುತ್ತದೆ. 2 ಮೈಕ್ರೋಮೀಟರ್ ಎಂದು ಬಯಸಿದ ದಪ್ಪ, ಕೊರೆಯುವ ರಸಾಯನದ ಅಲ್ಪ ಅಸಮತೆಯಿಂದ ಮೈಕ್ರೋಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚುಕಡಮೆಯಾದರೆ, ಆವೃತ್ತಿ ನೂರಕ್ಕೆ ಐದರಷ್ಟು, ಎಂದರೆ 20,000 ಹರ್ಟ್ಸಿಗಿಂತ ಹೆಚ್ಚು ಜರುಗುತ್ತದೆ. ಅನುನಾದದ ಪಟ್ಟಿಯಾದರೋ ಆಗಲೇ ಹೇಳಿದಂತೆ 43 ಹರ್ಟ್ಸ್ ಅಗಲದ್ದು. ತಯಾರಿಕೆಯ ತಾಪದಿಂದ ದ್ರವ್ಯದೊಳಗೆ ಉಳಿದುಬಿಟ್ಟ ಒತ್ತಡವು ಉದ್ದದ ಹತ್ತು ಸಾವಿರದಲ್ಲಿ ಮೂರು ಚಿಲ್ಲರೆ ಪಾಲನ್ನು ಕುಗ್ಗಿಸುವಷ್ಟಿದ್ದರೆ ಸಾಕು, ತೊಲೆ ಪ್ರೇರಣೆಗೆ ಮೊದಲೇ ಡೊಂಕಾಗಿ ನಿಂತಿರುತ್ತದೆ. ಆಗ ಘನಪದದ ಜೊತೆಗೆ ವರ್ಗಪದವೂ ಬಂದು ಸೇರಿ, ಗಟ್ಟಿಯಾಗಬೇಕಾದ ತೊಲೆ ಮೆತುವಾಗುವುದೂ ಉಂಟು. ಹೀಗಿರಲಾಗಿ ಯಾವ ಎಂಜಿನಿಯರನೂ ಅನುನಾದದ ಆವೃತ್ತಿಯನ್ನು ಕೊನೆಯ ಹರ್ಟ್ಸಿನವರೆಗೆ ಲೆಕ್ಕದಿಂದ ಮುಂಚಿತವಾಗಿ ಹೇಳಲು ಹೋಗುವುದಿಲ್ಲ. ಮೊದಲು ಮಾಡಿದ ತೊಲೆಯನ್ನು ಅತ್ಯಲ್ಪ ಬಲದಿಂದ ಕಂಪಿಸಿ ಆವೃತ್ತಿಯನ್ನೂ ಗುಣಸಂಖ್ಯೆಯನ್ನೂ ಅಳೆಯುತ್ತಾನೆ. ಬಲವನ್ನು ಹಂತಹಂತವಾಗಿ ಏರಿಸಿ ಶಿಖರವು ಯಾವ ಕಡೆಗೆ ಎಷ್ಟು ವಾಲುವುದೆಂಬುದನ್ನು ಗುರುತಿಸಿ ಘನಪದದ ಗುಣಕವನ್ನು ಪಡೆಯುತ್ತಾನೆ. ಆ ಮೂರು ಸಂಖ್ಯೆಗಳನ್ನು ಲೆಕ್ಕದೊಳಗೆ ಇಟ್ಟು, ತೊಲೆ ಹಾರುವ ಎರಡು ಅಂಚುಗಳೆಲ್ಲಿ, ನಡುವಣ ಕಾಣದ ಕವಲು ಎಲ್ಲಿ, ಮುಂದಿನ ವಿನ್ಯಾಸದಲ್ಲಿ ತೆರಪನ್ನು ಎಷ್ಟಕ್ಕೆ ಇಡಬೇಕು ಎಂಬುದನ್ನು ಕಂಪ್ಯೂಟರಿನಿಂದ ಕೇಳಿ ತಿಳಿಯುತ್ತಾನೆ.